ಓಲ್ಡ್ ಮ್ಯಾನ್‌ನ ಕೋಟು

ಡಿಸೆಂಬರ್ ಮೂವತ್ತೊಂದು, ಸಂಜೆ ಆರು ಗಂಟೆ. ಮನೆಯ ಮುಂದೆ ಇದ್ದವರು ನಾನು, ಮೊಮ್ಮಕ್ಕಳಿಬ್ಬರು, ಮೆಟ್ಟಿಲ ಕೆಳಗೆ ಮುದುಡಿ ಮಲಗಿದ ಓಣಿಯ ಹೆಣ್ಣುನಾಯಿ, ಮತ್ತು ಕುರ್ಚಿಯ ಮೇಲೆ ಓಲ್ಡ್ ಮ್ಯಾನ್. ನೀವು ಬೆಳಗಾವಿಯವರಲ್ಲದಿದ್ದರೆ ಹೇಳಬೇಕು: ವರ್ಷದ ಕೊನೆಗೆ ಇಲ್ಲಿಯ ಮಕ್ಕಳು ಹಳೆಯ ಬಟ್ಟೆಗೆ ಹುಲ್ಲು ತುಂಬಿ ಒಬ್ಬ ಮುದುಕನನ್ನು ಮಾಡುತ್ತಾರೆ, ಹಳೆಯ ವರ್ಷವೆಂದು ಅವನನ್ನು ಸುಡುತ್ತಾರೆ. ಒಣಹುಲ್ಲಿನ ವಾಸನೆ ಮೂಗಿಗೆ ಬಂದದ್ದೇ ತಡ, ನನಗೆ ಪಿವಳಿ ನೆನಪಾದಳು.

ಪಿವಳಿ ಅಂದರೆ ಮರಾಠಿಯಲ್ಲಿ ಹಳದಿ. ಎಪ್ಪತ್ತರ ದಶಕದ ಕೊನೆಗೆ ನಾನು ಖಾನಾಪುರದಿಂದ ಬೆಳಗಾವಿಯ ಈ ವಡಗಾವಿಗೆ ಸೊಸೆಯಾಗಿ ಬಂದಾಗ ಬುಟ್ಟಿಯಲ್ಲಿ ಜೊತೆಗೆ ಬಂದ ಬೆಕ್ಕು. ತವರಿನಿಂದ ಉಳಿದವರು ಪಾತ್ರೆ ಪಡಗ ತರುತ್ತಾರೆ, ನಾನು ಬೆಕ್ಕು ತಂದೆ. ಮುಚ್ಚಳ ತೆರೆದಾಗ ಮಾವನವರು ಒಮ್ಮೆ ಬಗ್ಗಿ ನೋಡಿ, "ಇದಕ್ಕ ತಿಕೀಟ ತಗಸೀಯೇನವಾ?" ಎಂದು ಕೇಳಿದರು.

ಅವರು ರೇಲ್ವೆಯಲ್ಲಿ ದುಡಿದು ನಿವೃತ್ತರಾದವರು. ಆ ಮನೆಯಲ್ಲಿ ಚಹಾ, ಸ್ನಾನ, ಸಿಟ್ಟು ಎಲ್ಲಕ್ಕೂ ವೇಳೆಯಿತ್ತು. ಚಪ್ಪಲಿಗಳು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಅಂಗಿಯ ಗುಂಡಿ ಹಾಕದೆ ಯಾರೂ ಹೊಸ್ತಿಲು ದಾಟಬಾರದು. ಆಗ ನಾನು ಒಳಗೊಳಗೇ ನಗುತ್ತಿದ್ದೆ. ಈಗ ನನ್ನ ಸೊಸೆ ನಗುತ್ತಾಳೆ. ಚಪ್ಪಲಿಗಳು ಮಾತ್ರ ಗೋಡೆಗೆ ಮುಖ ಮಾಡಿಯೇ ಇವೆ.

ಕಷ್ಟವಾದದ್ದು ಪಿವಳಿಗೆ. ಖಾನಾಪುರದ ಚಳಿ ಕಡಿಮೆಯದಲ್ಲ, ಆದರೆ ಅಲ್ಲಿ ಕಟ್ಟಿಗೆಯ ಒಲೆಯಿತ್ತು; ಅಡುಗೆ ಮುಗಿದ ಮೇಲೆ ಬೆಚ್ಚಗಿನ ಬೂದಿ ಅವಳದ್ದು. ಇಲ್ಲಿದ್ದದ್ದು ಸ್ಟೋವ್. ಗೋಣಿಚೀಲ ಹಾಸಿದೆ; ಮೂಸಿ ನೋಡಿ ಎದ್ದು ಹೋದಳು. ದೀಪಾವಳಿಯ ಪಟಾಕಿಗೆ ಹೆದರಿ ಕಪಾಟಿನ ಮೇಲೇರಿದವಳು ಹಬ್ಬ ಮುಗಿದರೂ ಇಳಿದಿರಲಿಲ್ಲ. ಅದಕ್ಕೇ ವರ್ಷದ ಕೊನೆಯ ದಿನ ಅವಳನ್ನು ಮೊದಲೇ ಕೋಣೆಯಲ್ಲಿ ಕೂಡಿಹಾಕಬೇಕೆಂದಿದ್ದೆ. ಸಂಜೆ ನೋಡಿದರೆ ಪಿವಳಿ ಇಲ್ಲ.

ಅಟ್ಟ, ಹಿತ್ತಲು, ಪಕ್ಕದ ಮನೆಯ ಮಗ್ಗದ ಕೆಳಗೆ, ಎಲ್ಲ ಕಡೆ ಹುಡುಕಿದೆ. ಹೊರಗೆ ಮಕ್ಕಳು ಮುದುಕನ ಕೊರಳಿಗೆ ಪಟಾಕಿಯ ಸರ ಹಾಕಿ ಕಾಯುತ್ತಿದ್ದರು. ಊರೆಲ್ಲ ಅವನನ್ನು ನಡುರಾತ್ರಿ ಸುಟ್ಟರೂ ನಮ್ಮ ಓಣಿಯಲ್ಲಿ ಊಟಕ್ಕೆ ಮೊದಲೇ ಸುಡುವುದು. ಮಾವನವರು ಒಂಬತ್ತಕ್ಕೆ ಮಲಗುತ್ತಿದ್ದರಲ್ಲ. ಆ ವರ್ಷ ಮುದುಕನಿಗೆಂದು ತಮ್ಮ ಹಳೆಯ ಕರಿ ಉಣ್ಣೆಯ ಕೋಟನ್ನು ಕೊಟ್ಟವರೂ ಅವರೇ.

"ಮಾವಾರ, ಪಿವಳಿ ಎಲ್ಲೂ ಇಲ್ಲರಿ," ಎಂದೆ.

"ಎಲ್ಲಿ ಹೋಗತೈತವಾ? ಖಾನಾಪುರದ ಗಾಡಿ ಇನ್ನ ಬಂದಿಲ್ಲ." ಆದರೂ ಎದ್ದು ಹೊರಗೆ ಬಂದರು.

ಒಬ್ಬ ಹುಡುಗ ಆಗಲೇ ಕಡ್ಡಿ ಗೀರಿದ್ದ. ಮಾವನವರ ಕಣ್ಣು ಕೋಟಿನ ಮೇಲೆ ಬಿತ್ತು. "ಏ, ನಿಂದ್ರು. ಗುಂಡಿ ಯಾಕ ಬಿಚ್ಚೈತಿ?"

"ಸುಡೂ ಮುದುಕಗ ಗುಂಡಿ ಯಾತಕ್ರಿ, ಅಜ್ಜಾರ?"

"ಕೋಟು ನಂದು. ನಾ ಹಿಂಗ ಎಂದೂ ಹೊರಗ ಬಿದ್ದಿಲ್ಲ."

ಬಾಗಿ ಮೇಲಿನ ಗುಂಡಿ ಹಾಕಿದರು. ಎರಡನೆಯದಕ್ಕೆ ಕೈಯಿಟ್ಟವರು ಹಾಗೆಯೇ ನಿಂತರು. "ಕಡ್ಡಿ ಆರಸು," ಎಂದರು, ಬಹಳ ಮೆಲ್ಲಗೆ. ಒಳಗೆ ಕೈ ಹಾಕಿ ತೆಗೆದರೆ ಪಿವಳಿ: ಮೈತುಂಬ ಹುಲ್ಲುಕಡ್ಡಿ, ಕಣ್ಣುತುಂಬ ನಿದ್ದೆ. ಬೂದಿಯಷ್ಟು ಬೆಚ್ಚಗಿನ ಜಾಗವನ್ನು ಅವಳೇ ಹುಡುಕಿಕೊಂಡಿದ್ದಳು.

ನನಗೆ ಕೊಡುತ್ತಾರೆಂದು ಸೆರಗು ಒಡ್ಡಿದೆ. ಕೊಡಲಿಲ್ಲ. ಮುದುಕನ ಮೈಯಿಂದ ಕೋಟು ಬಿಚ್ಚಿಸಿ, ಅದರಲ್ಲೇ ಬೆಕ್ಕನ್ನು ಸುತ್ತಿ ಎದೆಗೆ ಹಿಡಿದುಕೊಂಡರು.

"ಅಜ್ಜಾರ, ಓಲ್ಡ್ ಮ್ಯಾನಗ ಥಂಡಿ ಆಗತೈತ್ರಿ," ಎಂದಳು ಒಬ್ಬ ಹುಡುಗಿ.

"ಈಗ ಬೆಂಕಿ ಹಚ್ಚತೀರಲ್ಲ, ಕಾಸ್ಕೋತಾನ ಬಿಡು."

ಕೋಟು ಅಡುಗೆಮನೆಯ ಮೂಲೆಯಲ್ಲಿ ಪಿವಳಿಯ ಹಾಸಿಗೆಯಾಯಿತು. ಮಾವನವರ ದಿನಚರಿಗೆ ಇನ್ನೊಂದು ಕೆಲಸ ಸೇರಿತು: ಚಿಲಕ ಹಾಕುವ ಮುಂಚೆ ಬಾಗಿ ಕೋಟನ್ನು ಮುಟ್ಟಿ ನೋಡುವುದು. "ಬಂದಾಳ," ಎಂದು ಯಾರಿಗೂ ಅಲ್ಲದಂತೆ ಹೇಳಿ ಮಲಗುತ್ತಿದ್ದರು. ಆ ಮಾತು ಕೇಳಿಸಿದ ಮೇಲೆಯೇ ನನಗೂ ನಿದ್ದೆ.

ಈಗ ನಮ್ಮಲ್ಲಿ ಬೆಕ್ಕಿಲ್ಲ. ಆದರೂ ಪ್ರತಿ ವರ್ಷದಂತೆ ಮೊಮ್ಮಕ್ಕಳನ್ನು ತಡೆದು, ಮುದುಕನ ಸ್ವೆಟರಿನೊಳಗೆ ಮೊಣಕೈವರೆಗೆ ಕೈ ಹಾಕಿ ತಡಕಾಡಿದೆ. ಬರೀ ಹುಲ್ಲು. ಪ್ರತಿ ವರ್ಷ ಅಷ್ಟಕ್ಕೇ ಕೈ ಬಿಡುತ್ತಿದ್ದೆ. ಈ ಸಲ ಸ್ವೆಟರನ್ನೇ ಬಿಚ್ಚಿಕೊಂಡು ಮೆಟ್ಟಿಲ ಕೆಳಗೆ ಹಾಸಿದೆ.

"ಅಜ್ಜಿ, ಅದು ಓಣಿ ನಾಯಿ," ಎಂದ ಮೊಮ್ಮಗ.

"ಥಂಡಿಗೆ ಗೊತ್ತೈತೇನೋ ಅದು?"

ಮೊದಲ ಪಟಾಕಿಗೇ ನಾಯಿ ಓಡಿಹೋಯಿತು. ಮುದುಕ ಉರಿದು ಬೂದಿಯಾದ. ಮಕ್ಕಳು ಉಂಡು ಮಲಗಿದರು. ಒಂಬತ್ತಕ್ಕೆ ಚಿಲಕ ಹಾಕುವ ಮುಂಚೆ, ಸೊಂಟ ಹಿಡಿದುಕೊಂಡು ಬಾಗಿ, ಕತ್ತಲಲ್ಲಿ ಸ್ವೆಟರನ್ನು ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಒದ್ದೆ ಮೂಗೊಂದು ಬೆರಳಿಗೆ ತಾಗಿತು.

"ಬಂದಾಳ," ಎಂದು ಚಿಲಕ ಹಾಕಿದೆ.