ಅಳದ ಬಾಣಂತಿ

ಬಾಣಂತಿಯರನ್ನು ಮೀಯಿಸುವುದರಲ್ಲಿ ಕಡಬದ ಆಚೀಚೆ ಸೀತುವಿನ ಕೈಗೆ ಎರಡು ಮಾತಿರಲಿಲ್ಲ. ಓದು ಬರಹ ಬಾರದು. ಆದರೆ ನಲವತ್ತು ದಿನ ಒಂದೇ ಮೈಗೆ ಎಣ್ಣೆ ತಿಕ್ಕಿ ನೀರು ಹೊಯ್ದವಳಿಗೆ, ಆ ಮೈ ನಿನ್ನೆ ಹೇಗಿತ್ತು, ಇವತ್ತು ಹೇಗಿದೆ ಎನ್ನುವುದು ಅಂಗೈಯಲ್ಲೇ ಉಳಿಯುತ್ತಿತ್ತು.

ಎಂಬತ್ತೊಂದರ ಫೆಬ್ರವರಿಯಲ್ಲಿ ಅವಳ ಪಾಲಿಗೆ ಇಬ್ಬರು ಬಾಣಂತಿಯರು. ಕೆಳಗಿನ ಮನೆಯ ಶಂಕರಿ ಮೂರನೆಯ ದಿನದಿಂದಲೇ ಅಳುತ್ತಿದ್ದಳು. ಹಾಲು ಸಾಲದೆಂದು ಅಳು, ಮಗು ಸೀನಿದರೆ ಅಳು. ಮೇಲಿನ ಮನೆಯ ಹರಿಣಾಕ್ಷಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು, ಒಂದು ಹನಿ ಕಣ್ಣೀರನ್ನೂ ಹಾಕಲಿಲ್ಲ. ಎಲ್ಲರಿಗೂ ಶಂಕರಿಯದೇ ಚಿಂತೆ. ಮನೆಮನೆಗೆ ಬರುವ ನರ್ಸಮ್ಮ ಒಂದೇ ದಿನ ಇಬ್ಬರನ್ನೂ ನೋಡಿ, ಶಂಕರಿಗೆ ಮಾತ್ರೆ ಕೊಟ್ಟು, "ಬಾಣಂತಿ ಅಂದ್ರೆ ಹೀಗಿರ್ಬೇಕು" ಎಂದು ಹರಿಣಾಕ್ಷಿಯ ಬೆನ್ನು ತಟ್ಟಿ ಹೋಗಿದ್ದಳು.

ಸೀತುವಿಗೆ ಶಂಕರಿಯ ಬಗ್ಗೆ ಹೆದರಿಕೆ ಇರಲಿಲ್ಲ. ಆ ಅಳು ದಿನದಿಂದ ದಿನಕ್ಕೆ ಗಿಡ್ಡವಾಗುತ್ತಿತ್ತು, ಈಗೀಗ ಅಳುವಿನ ನಡುವೆಯೇ "ಗಂಜಿಗೆ ಚಟ್ನಿ ಉಂಟಾ?" ಎಂದು ಕೇಳುತ್ತಿದ್ದಳು. ಹರಿಣಾಕ್ಷಿಯದು ಇಳಿಜಾರು. ಮೊದಲ ವಾರ "ಸೀತಕ್ಕ, ನಾನೆಂತ ಕೋಳಿಯಾ, ಪುಕ್ಕ ತೆಗಿಲಿಕ್ಕೆ ಇಷ್ಟು ಬಿಸಿನೀರು?" ಎಂದು ಬೈದವಳೇ. ಹತ್ತನೆಯ ದಿನಕ್ಕೆ ಬೈಗುಳ ನಿಂತಿತು. ಹದಿಮೂರಕ್ಕೆ, ಮಗು ಎಲ್ಲಿ ಮಲಗಿದೆ ಎಂದು ತಿರುಗಿ ನೋಡುವುದೂ ನಿಂತಿತು.

ಹದಿನೆಂಟನೆಯ ಬೆಳಿಗ್ಗೆ ಸೀತು ತಣ್ಣೀರು ಬೆರೆಸಲು ಮರೆತು ಒಂದು ಚೆಂಬು ಹೊಯ್ದೇಬಿಟ್ಟಳು. ಬೆನ್ನು ಕೆಂಪಾಯಿತು. ಹುಡುಗಿ ಅಲುಗಲಿಲ್ಲ. ಬಚ್ಚಲಿನ ಗೋಡೆ ನೋಡುತ್ತ ಕೇಳಿದಳು:

"ಸೀತಕ್ಕ, ನಾನಿಲ್ಲದಿದ್ರೆ ಮಗುವನ್ನು ಅಮ್ಮ ಸಾಕ್ತಾರಲ್ಲಾ?"

ಸೀತು ಚೆಂಬು ಕೆಳಗಿಟ್ಟಳು. ಅವಳನ್ನು ಒರೆಸಿ, ಮಗುವಿನ ಪಕ್ಕ ಕೂರಿಸಿ, ಅಡುಗೆಮನೆಗೆ ಓಡಿದಳು.

"ದಮಯಂತಕ್ಕ, ಇವತ್ತೇ ಪುತ್ತೂರಿಗೆ, ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ."

"ನಿಂಗೆಂತ ಮರ್ಲಾ ಮಾರಾಯ್ತಿ?" ಹರಿಣಾಕ್ಷಿಯ ತಾಯಿ ಸೌಟು ಕೆಳಗಿಟ್ಟಳು. "ಅಳುದು ಕೆಳಗಿನ ಮನೆಯವಳು. ನಲ್ವತ್ತು ಆಗದೆ ಬಾಣಂತಿ ಹೊಸಿಲು ದಾಟುದುಂಟಾ? ಗಂಡನ ಮನೆಯವ್ರಿಗೆ ಗೊತ್ತಾದ್ರೆ ಎಂತ ಹೇಳುದು?"

"ಅವಳನ್ನು ಶಂಕರಿಯ ಪಕ್ಕ ಇಟ್ಟು ನೋಡ್ಬೇಡಿ. ಮೊದಲ ವಾರದ ಹರಿಣಾಕ್ಷಿಯ ಪಕ್ಕ ಇಟ್ಟು ನೋಡಿ. ಅವಳು ನಿಮ್ಮ ಹತ್ರ ಜಗಳ ಮಾಡದೆ ಎಷ್ಟು ದಿನ ಆಯ್ತು?"

ಒಳಗೆ ಮಗು ಅಳತೊಡಗಿತು. ಇಬ್ಬರೂ ಕಿವಿಗೊಟ್ಟು ನಿಂತರು. ಅಳು ಜೋರಾಯಿತು, ಉಸಿರು ಕಟ್ಟುವಷ್ಟಾಯಿತು. ಯಾರೂ ಎತ್ತಿಕೊಳ್ಳಲಿಲ್ಲ. ಹೋಗಿ ನೋಡಿದರೆ, ಹರಿಣಾಕ್ಷಿ ಮೊಳ ದೂರದಲ್ಲಿ ಕೈ ಮಡಿಲಲ್ಲಿಟ್ಟು ಕೂತಿದ್ದಳು. ಕೇಳಿಸಿದ ಗುರುತೇ ಇಲ್ಲ.

"ಕಿಟ್ಟಣ್ಣಾ!" ದಮಯಂತಿ ಮಗನನ್ನು ಕೂಗಿದ ಸದ್ದಿಗೆ ಅಂಗಳದ ನಾಯಿ ಎದ್ದಿತು. "ಜೀಪು ಕರ್ಕೊಂಡು ಬಾ!"

ಪುತ್ತೂರಿನ ಡಾಕ್ಟ್ರು ಕೇಳಿದ್ದು ಒಂದೇ: "ಯಾವತ್ತಿನಿಂದ ಹೀಗೆ?" ತಾಯಿ ಸೀತುವಿನ ಮುಖ ನೋಡಿದಳು. ಸೀತು ಮೊದಲ ದಿನದಿಂದ ಹಿಡಿದು, ಹುಡುಗಿಯ ಇವತ್ತಿನ ಮಾತಿನವರೆಗೆ ದಿನವಹಿ ಹೇಳುತ್ತ ಹೋದಳು. ಡಾಕ್ಟ್ರು ಬರೆದುಕೊಂಡರು.

"ಇಲ್ಲೇ ಇರ್ಲಿ. ಒಂದು ಗಳಿಗೆ ಕೂಡ ಒಬ್ಬಳನ್ನೇ ಬಿಡ್ಬೇಡಿ."

"ಬಾವನಿಗೆ ಎಂತ ಹೇಳುದಮ್ಮ?" ಕಿಟ್ಟಣ್ಣ ತಡವರಿಸಿದ.

"ಇದ್ದದ್ದನ್ನೇ ಹೇಳು," ಎಂದಳು ದಮಯಂತಿ. ಮಗಳ ಮಣಿಕಟ್ಟನ್ನು ಹಿಡಿದವಳು ಬಿಟ್ಟಿರಲಿಲ್ಲ.