ಕೆಟ್ಟ ಹಾಲಿನ ವಾಸನೆ

ನನ್ನ ಮಿದುಳಿನಲ್ಲಿ ಉಬ್ಬಿದ್ದ ರಕ್ತನಾಳಕ್ಕೆ ಆಪರೇಷನ್ ಮಾಡಿದ ಡಾಕ್ಟರು, "ಕೆಲವು ತಿಂಗಳು ತಲೆ ನೋಯುತ್ತೆ, ಬೇಗ ಸುಸ್ತಾಗುತ್ತೆ, ವಾಸನೆ ಗೊತ್ತಾಗದೇ ಹೋಗಬಹುದು" ಅಂದಿದ್ದರು. ಮೂರೂ ಆಯ್ತು. ಆಗ, ಎಪ್ಪತ್ತರ ದಶಕದಲ್ಲಿ, ನನ್ನ ಕೆಲಸವೋ, ಸೂಲಿಬೆಲೆ ಪಕ್ಕದ ಹಳ್ಳಿಯ ಡೈರಿಯಲ್ಲಿ ಹಾಲು ಮೂಸಿ ನೋಡಿ ಅಳೆದುಕೊಳ್ಳೋದು. ಕೆಲಸಕ್ಕೆ ವಾಪಸ್ ಬಂದು ತಿಂಗಳಾದರೂ ಕ್ಯಾನಿನೊಳಗೆ ಮೂಗಿಟ್ಟು, ವಾಸನೆ ಬಂದವನ ಹಾಗೆ ತಲೆಯಾಡಿಸುತ್ತಿದ್ದೆ.

ಒಂದು ಬೆಳಿಗ್ಗೆ ಅಜ್ಜಿಯೊಬ್ಬಳ ಕ್ಯಾನು ತೆಗೆದರೆ ಹುಳಿ ವಾಸನೆ ಮೂಗಿಗೆ ರಪ್ಪಂತ ಹೊಡೆಯಿತು. "ಅಜ್ಜೀ, ನಿನ್ನ ಹಾಲು ಕೆಟ್ಟೋಗಿದೆ ಕಣಜ್ಜೀ" ಅಂತ ಕುಣಿದುಬಿಟ್ಟೆ.

"ನನ್ ಹಾಲು ಕೆಟ್ರೆ ನಿಂಗ್ಯಾಕ್ಲಾ ಖುಷಿ?"

ತಲೆಯ ಹೊಲಿಗೆ ಗುರುತು ತೋರಿಸಿ ಎಲ್ಲಾ ಹೇಳಿದೆ. ಅಜ್ಜಿ ಕಣ್ಣೊರೆಸಿಕೊಂಡು, ಕ್ಯಾನನ್ನು ಮತ್ತೆ ನನ್ನ ಮುಂದಕ್ಕೆ ತಳ್ಳಿದಳು. "ತಲೆ ಕೊಯ್ಸ್ಕೊಂಡೋನ ಮೂಗು ನಂಬ್ಕೊಂಡು ಹಾಲು ವಾಪಸ್ ತಗೊಂಡೋಗಕ್ಕಾಯ್ತದಾ? ಅಳ್ಕೊಳ್ಳಪ್ಪ."

ಇದೊಂದನ್ನ ಡಾಕ್ಟರು ಹೇಳಿರಲಿಲ್ಲ.