ಓಸ್ತಿಯಾದ ಬೀಸುಕಲ್ಲು

ದೆವ್ವ, ಶಕುನ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಕಾಫಿ ಕಾಯಿಸಲು ಹೋಗುವವಳು. ಅಮೆರಿಕದ ಡಲ್ಲಾಸ್ ಹತ್ತಿರ ಲಿಟಲ್ ಎಲ್ಮ್‌ನ ನಮ್ಮ ಮನೆಯಲ್ಲಿ ಅಂದಂದಿನ ಅಡುಗೆ ಏನು, ಯಾರ ಫೋನ್ ಬಂತು, ಗಿಡಕ್ಕೆ ನೀರು ಬಿಟ್ಟೆನೋ ಇಲ್ಲವೋ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ನಡೆದದ್ದನ್ನು ಮಾತ್ರ ಬರೆಯುತ್ತೇನೆ. ಇದನ್ನೂ ಹಾಗೆಯೇ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದೆ ನಾನೂ ನಮ್ಮ ಯಜಮಾನರೂ ರೋಮ್ ನೋಡಲು ಹೋಗಿದ್ದೆವು. ಅವರಿಗೆ ಸಕ್ಕರೆ ಕಾಯಿಲೆ. ಆದರೂ ಏಕಾದಶಿ ಉಪವಾಸ ಬಿಟ್ಟವರಲ್ಲ. ಡಲ್ಲಾಸಿನ ಸಮಯಕ್ಕೆ ಲೆಕ್ಕ ಹಾಕಿದ ಪಂಚಾಂಗ ನೋಡಿ ನಾನು ಏಕಾದಶಿ ಮಂಗಳವಾರ ಎಂದು ಗುರುತು ಮಾಡಿಕೊಂಡಿದ್ದೆ. ಅಂದು ಅವರು ಹಣ್ಣು, ಹಾಲಿನಲ್ಲೇ ಕಳೆದರು. ಸಂಜೆ ಮೈಸೂರಿನಿಂದ ಅವರ ಅಕ್ಕ ಫೋನ್ ಮಾಡಿ, ಏಕಾದಶಿ ಬುಧವಾರ ಕಣೋ ಅಂದರು.

"ರೋಮಿಗೆ ಯಾವುದೋ ಯಾರಿಗ್ಗೊತ್ತು? ನಾಳೆನೂ ಮಾಡ್ಬಿಡ್ತೀನಿ. ಎರಡ್ರಲ್ಲಿ ಒಂದು ಸರಿ ಇರತ್ತೆ" ಅಂದರು ಇವರು.

"ಮಾತ್ರೆ ನುಂಗ್ಕೊಂಡು ಎರಡು ದಿನ ಉಪವಾಸನಾ? ತಿಂಡಿ ತಿನ್ನದೆ ರೂಮಿಂದ ಆಚೆ ಕಾಲಿಡೋ ಹಾಗಿಲ್ಲ, ರೀ" ಎಂದು ಗದರಿದೆ. ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದಾಗ ತಟ್ಟೆ ಖಾಲಿಯಾಗಿತ್ತು. ಸಮಾಧಾನವಾಯಿತು.

ಆ ದಿನ ನೋಡಿದ್ದು ಓಸ್ತಿಯಾ, ರೋಮಿನ ಹಳೆಯ ಬಂದರು ಪಟ್ಟಣ. ಬೀದಿ, ಅಂಗಡಿ, ಮನೆ ಎಲ್ಲವೂ ಚಾವಣಿಯಿಲ್ಲದ ಇಟ್ಟಿಗೆ ಗೋಡೆಗಳಾಗಿ ನಿಂತಿವೆ. ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ನಾನು ಶೂ ಬಿಚ್ಚಿ ಬರೆಯುತ್ತಾ ಕೂತೆ. ಅವರು ತಮ್ಮ ಫೋನನ್ನೂ ಸೆಕೆಗೆ ಬಿಚ್ಚಿದ ಕೋಟನ್ನೂ ನನ್ನ ಬ್ಯಾಗಿಗೆ ಹಾಕಿ, ಕಾಲು ಗಂಟೆಯಲ್ಲಿ ಬರುತ್ತೇನೆ ಎಂದು ಹೋದರು. ಮುಕ್ಕಾಲು ಗಂಟೆಯಾದರೂ ಬರಲಿಲ್ಲ. ಅವರ ಫೋನ್ ನನ್ನಲ್ಲೇ ಇರುವುದು ಮರೆತು, ಫೋನ್ ಮಾಡಲು ಬ್ಯಾಗಿಗೆ ಕೈ ಹಾಕಿದಾಗ ಅವರ ಕೋಟು ಸಿಕ್ಕಿತು. ಅದರ ಜೇಬಿನಲ್ಲಿ ಟಿಶ್ಯೂ ಸುತ್ತಿದ ಬೆಳಗಿನ ಬ್ರೆಡ್ಡು.

ಕಾವಲಿನವನನ್ನು ಕೇಳಿದೆ. ಗೇಟಿನ ಹತ್ತಿರ ಕಾಯಿರಿ, ನೋಡುತ್ತೇವೆ ಅಂದ. ನಾನು ಕಾಯಲಿಲ್ಲ. ಅವರನ್ನು ಕಾಣದೆ ಗೇಟಿನ ಕಡೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ ಎಂದು ನಿಶ್ಚಯಿಸಿ, ಬೀದಿ ಬೀದಿಯಾಗಿ ಪ್ರತಿ ಬಾಗಿಲನ್ನೂ ಇಣುಕುತ್ತಾ ಹೊರಟೆ. ಸುಡುವ ಮಧ್ಯಾಹ್ನ. ಆಗ ಆ ಸದ್ದು ಕೇಳಿಸಿತು.

ಬೀಸುಕಲ್ಲಿನ ಸದ್ದು. ನಮ್ಮಮ್ಮ ರಾಗಿ ಬೀಸುವಾಗ ಪಕ್ಕದಲ್ಲಿ ಕೂತು ಬೆಳೆದವಳು ನಾನು, ತಪ್ಪಲು ಸಾಧ್ಯವಿಲ್ಲ. ನಾಲ್ಕು ಸುತ್ತು, ಒಂದು ಹಿಡಿ ಕಾಳು ಹಾಕುವಷ್ಟು ಬಿಡುವು, ಮತ್ತೆ ನಾಲ್ಕು ಸುತ್ತು. ಎಡಕ್ಕೆ ತಿರುಗಿದರೆ ಜೋರಾಯಿತು, ಬಲಕ್ಕೆ ಹೋದರೆ ಕ್ಷೀಣಿಸಿತು. ಅದನ್ನೇ ಹಿಡಿದು ನಡೆದೆ.

ಒಂದು ಗೋಡೆ ಬಳಸಿ ಒಳಗೆ ಕಾಲಿಟ್ಟೆ, ಸದ್ದು ನಿಂತಿತು. ಅದು ಹಳೆಯ ರೊಟ್ಟಿ ಅಂಗಡಿ. ಎದೆಯೆತ್ತರದ ಕಪ್ಪು ಬೀಸುಕಲ್ಲುಗಳು, ಕತ್ತೆ ಕಟ್ಟಿ ತಿರುಗಿಸುತ್ತಿದ್ದಂಥವು. ಒಂದರ ಹಿಂದೆ ಇವರು ಬೆವರಿನಲ್ಲಿ ತೊಯ್ದು ಕುಸಿದು ಕೂತಿದ್ದರು, ಕಣ್ಣು ಅರ್ಧ ಮುಚ್ಚಿತ್ತು. ಕರೆದರೆ ಓಗೊಡುವಷ್ಟು ಎಚ್ಚರ ಮಾತ್ರ ಇತ್ತು. ಬ್ಯಾಗಿನಲ್ಲಿದ್ದ ಜ್ಯೂಸನ್ನು ಗುಟುಕು ಗುಟುಕಾಗಿ ಕುಡಿಸಿದೆ. ಎಷ್ಟೋ ಹೊತ್ತಿನ ಮೇಲೆ ನನ್ನ ಮುಖ ನೋಡಿ, ಬೇಸರದ ದನಿಯಲ್ಲಿ ಅಂದರು:

"ಬೀಸೋದು ಯಾಕೆ ನಿಲ್ಲಿಸ್ಬಿಟ್ಟೆ?"

ಸದ್ದಿನ ವಿಷಯ ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ.

ಅವರು ಎದ್ದು ನಿಂತ ಮೇಲೆ ನಾನು ಆ ಕಲ್ಲನ್ನು ಎರಡೂ ಕೈಯಿಂದ ನೂಕಿ ನೋಡಿದೆ. ಮಿಸುಕಲಿಲ್ಲ. ಉಳಿದವನ್ನೂ ಬಿಡದೆ ನೂಕಿದೆ. ಸುತ್ತಮುತ್ತ ಯಂತ್ರವಿಲ್ಲ, ಕೆಲಸದವರಿಲ್ಲ.

ಇವರಿಗೆ ಆ ಮಾತು ನೆನಪಿಲ್ಲ. ಸಕ್ಕರೆ ಇಳಿದಾಗ ಏನೇನೋ ಬಡಬಡಿಸಿರುತ್ತೇನೆ ಬಿಡು ಎನ್ನುತ್ತಾರೆ. ಸರಿ, ಇವರ ಸಕ್ಕರೆ ಇಳಿದಿತ್ತು. ಆದರೆ ಸದ್ದು ಕೇಳಿಸಿಕೊಂಡ ನಾನು ಹೊಟ್ಟೆ ತುಂಬ ತಿಂದಿದ್ದೆನಲ್ಲ. ಈಗ ಏಕಾದಶಿಗೆ ಮರುಮಾತಿಲ್ಲದೆ ಉಪ್ಪಿಟ್ಟು ತಿನ್ನುತ್ತಾರೆ. ಆ ದಿನದ ಪುಟದಲ್ಲಿ ಅವರ ಪ್ರಶ್ನೆಯನ್ನು ಬರೆದು, ಉತ್ತರಕ್ಕೆಂದು ಎರಡು ಸಾಲು ಬಿಟ್ಟಿದ್ದೆ. ಅವು ಇನ್ನೂ ಖಾಲಿಯಾಗಿಯೇ ಇವೆ.